ಶಾಲೆಯ ಗೇಟಿನ ಕಲ್ಲಿನಲ್ಲಿ ಕೆತ್ತಿಸಿದ ವೆಬ್‌ಸೈಟ್ ವಿಳಾಸ ಕೈತಪ್ಪಿದೆ, ವಾಪಸ್ ಪಡೆಯಲು ದಾರಿ ಇದೆಯಾ?

ಕೊನೇಬೆಂಚು | 24 ಸೆಪ್ಟೆಂಬರ್ 2025, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕಥೆ, ಸಹಿಸಿಕೊಳ್ಳಿ.

ನಮ್ಮದು ಸಾಗರ ಸೀಮೆಯ ಒಂದು ಹಳ್ಳಿ ಹೈಸ್ಕೂಲು. 2015ರಲ್ಲಿ ಶಾಲೆಗೆ ಐವತ್ತು ತುಂಬಿದಾಗ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡು ವೆಬ್‌ಸೈಟ್ ಶುರು ಮಾಡಿದೆವು. ಡಾಟ್ ಆರ್ಗ್ ಹೆಸರು (ಡೊಮೈನ್). ಹತ್ತು ವರ್ಷದ ದುಡ್ಡು ಒಟ್ಟಿಗೇ ಕಟ್ಟಿದ್ದೆವು. ಹತ್ತು ವರ್ಷ ಅಂದರೆ ಆಗ ನಮ್ಮ ಲೆಕ್ಕದಲ್ಲಿ ಶಾಶ್ವತ! ಎಷ್ಟರಮಟ್ಟಿಗೆ ಅಂದರೆ, ದಾನಿಯೊಬ್ಬರು ಗೇಟಿಗೆ ಗ್ರಾನೈಟ್ ಫಲಕ ಹಾಕಿಸಿಕೊಟ್ಟಾಗ ಶಾಲೆಯ ಹೆಸರಿನ ಕೆಳಗೆ ವೆಬ್‌ಸೈಟ್ ವಿಳಾಸವನ್ನೂ ಕೆತ್ತಿಸಿಬಿಟ್ಟೆವು.

ಸೈಟು ಮಾಡಿಕೊಟ್ಟವನು ನಮ್ಮ ಶಾಲೆಯ ಹುಡುಗನೇ, ನನಗಿಂತ ಮೂರು ಬ್ಯಾಚ್ ಕಿರಿಯ. ಆಗ ಶಿವಮೊಗ್ಗದಲ್ಲಿ ಒಂದು ಸಣ್ಣ ಡಿಸೈನ್ ಸ್ಟುಡಿಯೊ ಇಟ್ಟುಕೊಂಡಿದ್ದ. ನೋಂದಣಿ ಅವನ ಖಾತೆಯಲ್ಲೇ ಆಗಿತ್ತು. ಈಗ ಅವನ ಹಳೆ ಫೋನ್ ನಂಬರ್ ಬೇರೆ ಯಾರದ್ದೋ ಹತ್ತಿರ ಇದೆ. ಊರಲ್ಲಿ ಮನೆಯೂ ಇಲ್ಲ, ಅಪ್ಪ ಅಮ್ಮ ತೀರಿಕೊಂಡ ಮೇಲೆ ಜಾಗ ಮಾರಿ ಹೋಗಿದ್ದಾನೆ.

ಈ ಆಗಸ್ಟ್ 14ಕ್ಕೆ ಅವಧಿ ಮುಗಿದಿದೆ. ನಮಗೆ ಯಾರಿಗೂ ನೆನಪಿರಲಿಲ್ಲ. ಈ ತಿಂಗಳ ಮೊದಲ ವಾರ ಹೆಡ್‌ಮಾಸ್ಟರ್ ಫೋನು: “ಏನ್ರಪ್ಪಾ, ಗೇಟ್ ಮೇಲಿನ ವಿಳಾಸ ಮೊಬೈಲಲ್ಲಿ ಹಾಕಿದ್ರೆ ಕ್ಯಾಸಿನೊ ಆಡಿ ಅಂತ ಬರ್ತಿದೆ, ಎಂಟನೇ ಕ್ಲಾಸಿನ ಮಕ್ಕಳೇ ನನಗೆ ತೋರಿಸಿದ್ರು.” ನಾನು ನೋಡಿದಾಗಲೂ ಜೂಜು, ಸಾಲ, ತೂಕ ಇಳಿಸುವ ಮಾತ್ರೆಗಳದ್ದೇ ಜಾಹೀರಾತು. ಎರಡು ದಿನದಿಂದ ಅದೂ ಇಲ್ಲ, ಪುಟವೇ ತೆರೆಯುತ್ತಿಲ್ಲ.

ಯಾರೋ ಕೊಂಡುಕೊಂಡುಬಿಟ್ಟಿದ್ದಾರಾ? ಏನಾದರೂ ಮಾಡಬಹುದಾ?

ಒಗ್ಗರಣೆ | 24 ಸೆಪ್ಟೆಂಬರ್, ರಾತ್ರಿ 10:05

ಹೋದರೆ ಹೋಗಲಿ ಬಿಡಿ ಸಾರ್. ಈಗ ಯಾರು ವೆಬ್‌ಸೈಟ್ ನೋಡ್ತಾರೆ? ಒಂದು ಫೇಸ್‌ಬುಕ್ ಪೇಜು, ಒಂದು ವಾಟ್ಸಾಪ್ ಗುಂಪು ಇದ್ದರೆ ಸಾಕು. ಕಲ್ಲಿನ ಮೇಲೆ ಒಂದು ಫ್ಲೆಕ್ಸ್ ಅಂಟಿಸಿ.

ಸರ್ವರ್ ಸೋಮ | 24 ಸೆಪ್ಟೆಂಬರ್, ರಾತ್ರಿ 10:31

ಗಾಬರಿ ಆಗಬೇಡಿ, ಆದರೆ ಸುಮ್ಮನೆ ಕೂರುವ ಹೊತ್ತೂ ಅಲ್ಲ. ನೀವು ನೋಡಿದ ಜಾಹೀರಾತು ಪುಟ ಬೇರೆಯವರದ್ದಾಗಿರಲಿಕ್ಕಿಲ್ಲ. ಅವಧಿ ಮುಗಿದ ಹೆಸರಿಗೆ ಅನೇಕ ರಿಜಿಸ್ಟ್ರಾರ್‌ಗಳು (ಹೆಸರು ನೋಂದಾಯಿಸಿಕೊಡುವ ಕಂಪನಿಗಳು) ತಾವೇ ಇಂಥ ಜಾಹೀರಾತು ಪುಟ ತಗುಲಿಸುತ್ತಾರೆ, ಬಂದಷ್ಟು ಬರಲಿ ಅಂತ. ಎರಡು ದಿನದಿಂದ ಏನೂ ತೆರೆಯುತ್ತಿಲ್ಲ ಅನ್ನುವುದೇ ನನಗೆ ಮುಖ್ಯವಾಗಿ ಕಾಣಿಸುತ್ತಿದೆ.

ಇಂಟರ್‌ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಲುಕಪ್ ಪುಟಕ್ಕೆ ಹೋಗಿ ಹೆಸರು ಹಾಕಿ. ಹೆಸರಿನ ನೋಂದಣಿ ವಿವರ ನೋಡುವುದಕ್ಕೆ ಮೊದಲೆಲ್ಲ ಹೂ-ಈಸ್ ಅಂತಿದ್ದೆವಲ್ಲ, 2025ರ ಜನವರಿಯಿಂದ ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಹೆಸರುಗಳಿಗೆ ಆರ್‌ಡ್ಯಾಪ್ ಅನ್ನುವ ಹೊಸ ವ್ಯವಸ್ಥೆ ಬಂದಿದೆ, ಕೆಲಸ ಅದೇ. ಅಲ್ಲಿ ಸ್ಟೇಟಸ್ ಎದುರು ಏನು ಬರೆದಿದೆ, ಕೊನೆಯ ಬದಲಾವಣೆಯ ದಿನಾಂಕ ಯಾವುದು, ಎರಡೂ ಹೇಳಿ. ಹೆಸರನ್ನು ಮಾತ್ರ ಇಲ್ಲಿ ಹಾಕಬೇಡಿ. ಇಂಥದ್ದನ್ನೇ ಕಾಯುತ್ತ ಕೂತವರು ಇರುತ್ತಾರೆ.

ಕೊನೇಬೆಂಚು | 24 ಸೆಪ್ಟೆಂಬರ್, ರಾತ್ರಿ 10:52

ನೋಡಿದೆ. ರಿಡೆಂಪ್ಶನ್ ಪೀರಿಯಡ್ ಅಂತ ಇದೆ. ಕೊನೆಯ ಬದಲಾವಣೆ ಸೆಪ್ಟೆಂಬರ್ 22.

ಒಂದು ಅನುಮಾನ. ನಮ್ಮ ಖಜಾಂಚಿ ಆಗಸ್ಟ್ ಕೊನೆಯಲ್ಲಿ ಇದೇ ರೀತಿ ನೋಡಿ “2026ರವರೆಗೂ ಇದೆ, ಚಿಂತೆ ಬೇಡ” ಅಂದಿದ್ದರು. ಅದನ್ನು ನಂಬಿಯೇ ಸುಮ್ಮನಿದ್ದೆವು. ಅದು ಹೇಗೆ?

ಸರ್ವರ್ ಸೋಮ | 24 ಸೆಪ್ಟೆಂಬರ್, ರಾತ್ರಿ 11:20

ನಿಮ್ಮ ಖಜಾಂಚಿಯನ್ನು ಬಯ್ಯಬೇಡಿ, ಆ ದಿನಾಂಕ ನೋಡಿ ಮೋಸ ಹೋದವರು ಬಹಳ ಜನ. ನಡೆಯುವುದು ಹೀಗೆ: ಅವಧಿ ಮುಗಿದ ದಿನವೇ ಮೇಲಿನ ರಿಜಿಸ್ಟ್ರಿ (ಡಾಟ್ ಆರ್ಗ್ ಹೆಸರುಗಳ ಮೂಲ ಪಟ್ಟಿ ಇಟ್ಟುಕೊಳ್ಳುವ ಸಂಸ್ಥೆ) ತಾನಾಗಿ ಒಂದು ವರ್ಷ ಮುಂದೂಡಿ ದಾಖಲೆ ಬರೆದುಕೊಳ್ಳುತ್ತದೆ. ದುಡ್ಡು ಕಟ್ಟಿದ್ದರಿಂದ ಅಲ್ಲ, ಅದೊಂದು ಲೆಕ್ಕದ ಪದ್ಧತಿ. ರಿಜಿಸ್ಟ್ರಾರ್‌ಗೆ ನಿರ್ಧಾರ ಮಾಡಲು 45 ದಿನದವರೆಗೆ ಸಮಯ. ನೀವು ದುಡ್ಡು ಕಟ್ಟದಿದ್ದರೆ ಅಷ್ಟರೊಳಗೆ ಅವರು ಹೆಸರನ್ನು ಅಳಿಸಿ ತಮ್ಮ ಹಣ ವಾಪಸ್ ಪಡೆಯುತ್ತಾರೆ. ಆ ಮಧ್ಯದ ದಿನಗಳಲ್ಲಿ ಯಾರು ನೋಡಿದರೂ ಮುಂದಿನ ವರ್ಷದ ದಿನಾಂಕವೇ ಕಾಣುತ್ತದೆ.

ನಿಮ್ಮದನ್ನು 22ರಂದು ಅಳಿಸಿದ್ದಾರೆ. ಅಲ್ಲಿಂದ 30 ದಿನ ರಿಡೆಂಪ್ಶನ್, ಅಂದರೆ ಅಡವಿಟ್ಟ ಒಡವೆ ಹರಾಜಿಗೆ ಹೋಗುವ ಮುಂಚೆ ಬಿಡಿಸಿಕೊಳ್ಳಲು ಕೊಡುವ ಕೊನೆಯ ಗಡುವು ಅಂದುಕೊಳ್ಳಿ. ಈ ಹಂತದಲ್ಲಿ ಹೆಸರನ್ನು ಡಿಎನ್‌ಎಸ್‌ನಿಂದ, ಅಂದರೆ ಹೆಸರು ಹೇಳಿದರೆ ಸರ್ವರಿನ ದಾರಿ ತೋರಿಸುವ ವ್ಯವಸ್ಥೆಯಿಂದ, ತೆಗೆದುಬಿಡುತ್ತಾರೆ, ಅದಕ್ಕೇ ನಿಮಗೆ ಪುಟ ತೆರೆಯುತ್ತಿಲ್ಲ. ಅಕ್ಟೋಬರ್ 22ರವರೆಗೆ ಹಳೆಯ ನೋಂದಣಿದಾರನಿಗೆ ಮಾತ್ರ ಅದನ್ನು ಬಿಡಿಸಿಕೊಳ್ಳುವ ಹಕ್ಕು, ಮಾಮೂಲಿ ನವೀಕರಣದ ಹಲವು ಪಟ್ಟು ದಂಡ ಕಟ್ಟಿ. ಆಮೇಲೆ 5 ದಿನ ಪೆಂಡಿಂಗ್ ಡಿಲೀಟ್. ಆ ಐದು ದಿನದಲ್ಲಿ ಯಾರು ಎಷ್ಟು ಕೊಡುತ್ತೇನೆಂದರೂ ಆಗುವುದಿಲ್ಲ. ನಂತರ ಹೆಸರು ಬಯಲಿಗೆ ಬೀಳುತ್ತದೆ, ಹಿಡಿಯುವ ಕಂಪ್ಯೂಟರುಗಳು ಬಾಯಿ ತೆರೆದುಕೊಂಡೇ ಇರುತ್ತವೆ.

ನಿಜ ಹೇಳಬೇಕೆಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅನೇಕ ರಿಜಿಸ್ಟ್ರಾರ್‌ಗಳು ಇಷ್ಟು ದೂರ ಬಿಡುವುದಿಲ್ಲ, ಮೊದಲ ಹಂತದಲ್ಲೇ ಹರಾಜು ಹಾಕಿ ಮಾರಿಬಿಡುತ್ತಾರೆ. ನಿಮ್ಮ ಶಾಲೆಯ ಹೆಸರಿಗೆ ಗಿರಾಕಿ ಬರಲಿಲ್ಲ ಅಷ್ಟೆ.

ಒಟ್ಟಿನಲ್ಲಿ ಆ ಹುಡುಗನನ್ನು ಹುಡುಕಿ. 28 ದಿನ ಇದೆ.

ಗಿರಮಿಟ್ | 25 ಸೆಪ್ಟೆಂಬರ್, ಬೆಳಿಗ್ಗೆ 7:15

ನಮ್ಮ ಕಡೀನೂ ಹಿಂಗ ಆಗಿತ್ರಿ, ಹುಬ್ಬಳ್ಳ್ಯಾಗ. ನಮ್ಮ ಅಂಗಡಿ ಸೈಟ ಮಾಡಿಕೊಟ್ಟಾಂವ ತನ್ನ ಹೆಸರಿಲೇ ಬರಿಸಿಕೊಂಡಿದ್ದ. ಅಂವಗೂ ನಮಗೂ ರೊಕ್ಕದ ಸಲುವಾಗಿ ಜಗಳಾತು, ಹೆಸರ ಕೊಡಂಗಿಲ್ಲ ಅಂತ ಕುಂತಾ. ಹೊಲ ನಮ್ದು, ಉತಾರದಾಗ ಹೆಸರ ಮಂದೀದು ಅಂದ್ರ ಹೆಂಗಿರತೈತಿ ಹಂಗಾತ ನೋಡ್ರಿ.

ಇನ್ನೊಂದ ಮಾತು. ಅವಧಿ ಮುಗಿಯೂ ಮೊದಲ ನೆನಪ ಮಾಡಿ ಮೇಲ್ ಕಳಸ್ತಾರಲ್ರಿ, ಅವು ಬರಲಿಲ್ಲೇನ ನಿಮಗ?

ಕೊನೇಬೆಂಚು | 25 ಸೆಪ್ಟೆಂಬರ್, ಬೆಳಿಗ್ಗೆ 8:02

ಅವೆಲ್ಲ ಅವನ ಸ್ಟುಡಿಯೊದ ಮೇಲ್ ವಿಳಾಸಕ್ಕೆ ಹೋಗಿರಬೇಕು. ನಿನ್ನೆ ರಾತ್ರಿ ಆ ಸ್ಟುಡಿಯೊದ ಡೊಮೈನ್ ಹುಡುಕಿದೆ. ಅದರದ್ದೂ ಅವಧಿ ಮುಗಿದು ಯಾವ ಕಾಲವಾಯಿತೋ, ಈಗ ಯಾರು ಬೇಕಾದರೂ ಕೊಳ್ಳಬಹುದು ಅಂತ ತೋರಿಸುತ್ತಿದೆ. ₹900ರೊಳಗೆ.

ಸರ್ವರ್ ಸೋಮ | 25 ಸೆಪ್ಟೆಂಬರ್, ಬೆಳಿಗ್ಗೆ 8:30

ಹಾಗಾದರೆ ಮೇಲ್ ಎಲ್ಲ ಗಾಳಿಗೆ. ನಿಯಮದ ಪ್ರಕಾರ ಸುಮಾರು ಒಂದು ತಿಂಗಳು ಮುಂಚೆ ಒಂದು, ಒಂದು ವಾರ ಮುಂಚೆ ಒಂದು, ಮುಗಿದ ಐದು ದಿನದೊಳಗೆ ಇನ್ನೊಂದು ನೆನಪೋಲೆ ಕಳಿಸಲೇಬೇಕು. ಕಳಿಸಿರುತ್ತಾರೆ. ತಲುಪಿತಾ ಅಂತ ನೋಡುವುದು ಅವರ ಕೆಲಸ ಅಲ್ಲ.

ನೀರ್ದೋಸೆ | 25 ಸೆಪ್ಟೆಂಬರ್, ಬೆಳಿಗ್ಗೆ 9:12

ಮಾರಾಯ್ರೆ, ಮತ್ತೆಂತ ಯೋಚನೆ? ಆ ಸ್ಟುಡಿಯೊ ಹೆಸರನ್ನು ನೀವೇ ₹900 ಕೊಟ್ಟು ತೆಗೊಳ್ಳಿ. ಅದೇ ಮೇಲ್ ವಿಳಾಸ ಪುನಃ ಮಾಡಿ. ರಿಜಿಸ್ಟ್ರಾರ್ ಸೈಟಿಗೆ ಹೋಗಿ “ಪಾಸ್‌ವರ್ಡ್ ಮರೆತಿದೆ” ಒತ್ತಿ, ಲಿಂಕ್ ಸೀದಾ ನಿಮಗೇ ಬರ್ತದೆ. ಅವನ ಖಾತೆ ತೆರೆದು ನಿಮ್ಮ ಹೆಸರು ಬಿಡಿಸಿಕೊಂಡು ಬನ್ನಿ. ಅರ್ಧ ಗಂಟೆಯ ಕೆಲಸ ಉಂಟಷ್ಟೆ.

ಕೊನೇಬೆಂಚು | 25 ಸೆಪ್ಟೆಂಬರ್, ಬೆಳಿಗ್ಗೆ 9:20

ಅದು ಆಗುತ್ತಾ?!

ಸರ್ವರ್ ಸೋಮ | 25 ಸೆಪ್ಟೆಂಬರ್, ಬೆಳಿಗ್ಗೆ 9:41

ಆಗುತ್ತದೆ. ಅದಕ್ಕೇ ಮಾಡಬೇಡಿ ಅನ್ನುತ್ತಿದ್ದೇನೆ.

ನೀರ್ದೋಸೆಯವರು ಸಹಾಯ ಮಾಡಲು ಹೇಳಿದ್ದು, ನನಗೆ ಗೊತ್ತು. ಆದರೆ ಕಳ್ಳರು ಮಾಡುವುದೂ ಅಕ್ಷರಶಃ ಇದನ್ನೇ. ಬೇರೊಬ್ಬರ ಖಾತೆಗೆ ಅವರ ಒಪ್ಪಿಗೆ ಇಲ್ಲದೆ ಹೊಕ್ಕರೆ ಅದು ಐಟಿ ಕಾಯ್ದೆಗೆ ವಿರುದ್ಧ, ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಅವನ ಆ ಖಾತೆಯಲ್ಲಿ ನಿಮ್ಮ ಶಾಲೆಯದ್ದು ಒಂದೇ ಹೆಸರು ಇರುವುದಿಲ್ಲ, ಇನ್ನೂ ಹತ್ತು ಗಿರಾಕಿಗಳದ್ದಿರಬಹುದು.

ಡೊಮೈನ್ ಬಿಟ್ಟುಕೊಟ್ಟರೆ ವೆಬ್‌ಸೈಟ್ ಮುಚ್ಚುತ್ತದೆ, ಅಷ್ಟೇ ತಾನೆ ಅಂತ ಜನ ಅಂದುಕೊಳ್ಳುತ್ತಾರೆ. ವೆಬ್‌ಸೈಟ್ ಹೋಗುವುದು ದೊಡ್ಡದಲ್ಲ. ಆ ಹೆಸರಿಗೆ ಬರುವ ಅಂಚೆಯೆಲ್ಲ ಹೊಸ ಯಜಮಾನನ ಮನೆಗೆ ಹೋಗುತ್ತದಲ್ಲ, ಅದು ದೊಡ್ಡದು. ಆ ಅಂಚೆಯಲ್ಲಿ ಬೇರೆ ಬೇರೆ ಬೀಗಗಳ ಕೀಲಿಕೈಗಳೂ ಬರುತ್ತವೆ.

2022ರ ಮೇ ತಿಂಗಳಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಜಗತ್ತಿನಲ್ಲಿ ಹೀಗೇ ಆಯಿತು. ಸಿಟಿಎಕ್ಸ್ ಅಂತ ಒಂದು ಚಿಕ್ಕ ಪ್ಯಾಕೇಜು (ಬೇರೆಯವರು ಇಳಿಸಿಕೊಂಡು ಬಳಸುವ ಸಿದ್ಧ ಕೋಡು), ವರ್ಷಗಟ್ಟಲೆಯಿಂದ ಯಾರೂ ಮುಟ್ಟಿರಲಿಲ್ಲ, ಆದರೆ ಇಳಿಸಿಕೊಳ್ಳುವವರು ಇದ್ದೇ ಇದ್ದರು. ಬರೆದವನ ಮೇಲ್ ಇದ್ದ ಡೊಮೈನಿನ ಅವಧಿ ಮುಗಿದಿತ್ತು. ಒಬ್ಬ ಅದನ್ನು ಕೊಂಡ, ಮೇಲ್ ವಿಳಾಸ ಮತ್ತೆ ಸೃಷ್ಟಿಸಿದ, ಪಾಸ್‌ವರ್ಡ್ ಬದಲಿಸಿದ, ಇಳಿಸಿಕೊಂಡವರ ಕಂಪ್ಯೂಟರಿನ ಗುಟ್ಟುಗಳನ್ನು ಕದಿಯುವ ಕೋಡನ್ನು ಪ್ಯಾಕೇಜಿಗೆ ತುರುಕಿದ. ಒಂದೇ ಒಂದು ಬೀಗವನ್ನೂ ಅವನು ಒಡೆಯಬೇಕಾಗಲಿಲ್ಲ.

ನೀರ್ದೋಸೆ | 25 ಸೆಪ್ಟೆಂಬರ್, ಬೆಳಿಗ್ಗೆ 10:03

ಅಯ್ಯೋ, ನಾನು ಅಷ್ಟು ಆಲೋಚನೆ ಮಾಡಿ ಹೇಳಿದ್ದಲ್ಲ. ಹಿಂದೆ ತೆಗೊಂಡೆ.

ಆದ್ರೆ ಗೂಗಲ್‌ನವರೇ ಒಮ್ಮೆ ರಿನ್ಯೂ ಮಾಡ್ಲಿಕ್ಕೆ ಮರೆತು, ನಮ್ಮ ದೇಶದ ಹುಡುಗನೊಬ್ಬ ಗೂಗಲ್ ಡಾಟ್ ಕಾಮನ್ನೇ 12 ಡಾಲರಿಗೆ ತೆಗೊಂಡಿದ್ದ ಅಲ್ವಾ? ದೊಡ್ಡವರಿಗೇ ಹೀಗಾದ್ರೆ ಹಳ್ಳಿ ಶಾಲೆಯವರನ್ನು ಎಂತ ಹೇಳುವುದು.

ಲೆಕ್ಕಪತ್ರ | 25 ಸೆಪ್ಟೆಂಬರ್, ಮಧ್ಯಾಹ್ನ 1:18

ಆ ಕಥೆ ಅರ್ಧ ಸರಿ. 2015ರ ಸೆಪ್ಟೆಂಬರಿನಲ್ಲಿ ಅದು ನಡೆದದ್ದು ನಿಜ, ಆದರೆ ಅವಧಿ ಮುಗಿದಿರಲಿಲ್ಲ. ಗೂಗಲ್‌ನದೇ ಡೊಮೈನ್ ಮಾರುವ ಸೇವೆಯಲ್ಲಿ ಏನೋ ಎಡವಟ್ಟಾಗಿ ಹೆಸರು ಮಾರಾಟಕ್ಕಿದೆ ಅಂತ ತೋರಿಸಿತು. ಒಂದು ನಿಮಿಷದಲ್ಲಿ ವ್ಯವಹಾರ ರದ್ದಾಯಿತು. ಬಹುಮಾನವಾಗಿ 6,006.13 ಡಾಲರ್ ಕೊಟ್ಟರು, ಆ ಅಂಕಿಗಳು ನೋಡಲು ಇಂಗ್ಲಿಷಿನ Google ಅಕ್ಷರಗಳ ಹಾಗೇ ಇವೆ. ಆತ ಅದನ್ನು ಆರ್ಟ್ ಆಫ್ ಲಿವಿಂಗ್‌ನ ಶಾಲೆಗಳ ಕೆಲಸಕ್ಕೆ ಕೊಟ್ಟದ್ದರಿಂದ ಮೊತ್ತವನ್ನು ದುಪ್ಪಟ್ಟು ಮಾಡಿದರು.

ನಿಜವಾಗಿ ಮರೆತವರು ಬೇಕೆಂದರೆ ಮೈಕ್ರೋಸಾಫ್ಟ್ ಇದೆ. 1999ರ ಕ್ರಿಸ್ಮಸ್ ಹೊತ್ತಿಗೆ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ ದುಡ್ಡು ಕಟ್ಟುವುದು ಮರೆತರು. ಹಾಟ್‌ಮೇಲ್‌ಗೆ ಲಾಗಿನ್ ಆಗುವುದು ಆ ಹೆಸರಿನ ಮೂಲಕ. ಜನರಿಗೆ ಮೇಲ್ ತೆರೆಯಲಾಗಲಿಲ್ಲ. ಕೊನೆಗೆ ಕಾರಣ ಪತ್ತೆ ಹಚ್ಚಿ 35 ಡಾಲರ್ ಕಟ್ಟಿದವನು ಮೈಕ್ರೋಸಾಫ್ಟಿನ ಎದುರಾಳಿಯಾದ ಲಿನಕ್ಸ್‌ನ ಒಬ್ಬ ಪ್ರೋಗ್ರಾಮರ್! ಪುಣ್ಯಕ್ಕೆ ಆಗಿನ ನಿಯಮದಲ್ಲಿ ಬೇರೆಯವರು ದುಡ್ಡು ಕಟ್ಟಿದರೂ ಹೆಸರು ಮೈಕ್ರೋಸಾಫ್ಟಿನದ್ದೇ ಆಗಿ ಉಳಿಯಿತು.

ಕೊನೇಬೆಂಚು ಅವರಿಗೆ ನನ್ನ ಕಡೆಯಿಂದ ಒಂದು ಪ್ರಶ್ನೆ. ನಾನು ಸಂಘ ಸಂಸ್ಥೆಗಳ ಆಡಿಟ್ ಮಾಡುವವನು, ಅದಕ್ಕೇ ಕೇಳುತ್ತಿದ್ದೇನೆ. ಆ ಡೊಮೈನಿನಲ್ಲಿ ನಿಮ್ಮ ಸಂಘದ ಮೇಲ್ ವಿಳಾಸ ಇತ್ತೇ? ಬ್ಯಾಂಕ್ ಖಾತೆಗೆ, ಆದಾಯ ತೆರಿಗೆ ಪೋರ್ಟಲ್ಲಿಗೆ, ದೇಣಿಗೆ ತೆಗೆದುಕೊಳ್ಳುವ ಪೇಮೆಂಟ್ ಖಾತೆಗೆ ಯಾವ ಮೇಲ್ ಕೊಟ್ಟಿದ್ದೀರಿ?

ಕೊನೇಬೆಂಚು | 25 ಸೆಪ್ಟೆಂಬರ್, ಮಧ್ಯಾಹ್ನ 1:47

ಕಾರ್ಯದರ್ಶಿ ಅಂತ ಒಂದು ವಿಳಾಸ ಇತ್ತು. ಬ್ಯಾಂಕಿಗೂ ಅದೇ, ತೆರಿಗೆಗೂ ಅದೇ. ಲೆಟರ್‌ಹೆಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಮಾಡಿಸಿದ್ದು.

ಕೈ ತಣ್ಣಗಾಯಿತು ಸಾರ್.

ಲೆಕ್ಕಪತ್ರ | 25 ಸೆಪ್ಟೆಂಬರ್, ಮಧ್ಯಾಹ್ನ 1:55

ಹುಡುಗನನ್ನು ನಾಳೆ ಹುಡುಕಿ. ಇವತ್ತು ಬ್ಯಾಂಕ್ ಮುಚ್ಚುವುದರೊಳಗೆ ಠರಾವಿನ ಪ್ರತಿ ಹಿಡಿದು ಹೋಗಿ ಮೇಲ್ ಬದಲಿಸಿ ಬನ್ನಿ. ಹೆಸರು ಇನ್ನೂ ಯಾರ ಕೈಗೂ ಸಿಕ್ಕಿಲ್ಲ ಅನ್ನುವುದೊಂದೇ ಸಮಾಧಾನ.

ಪಾಸ್‌ಬುಕ್ | 25 ಸೆಪ್ಟೆಂಬರ್, ಸಂಜೆ 7:33

ಈ ಚರ್ಚೆ ಓದಿ ನನಗೂ ಬೆವರು ಬಂತು. ನಾನು ಜಿಲ್ಲಾ ಕೇಂದ್ರವೊಂದರ ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಎಲ್ಲ ಬ್ಯಾಂಕುಗಳೂ ಈ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಏಪ್ರಿಲಿನಲ್ಲಿ ಸುತ್ತೋಲೆ ಕೊಟ್ಟಿದೆ. ನೋಂದಣಿ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿ ಮೂಲಕ. ನಕಲಿ ಬ್ಯಾಂಕ್ ಸೈಟುಗಳ ಹಾವಳಿ ತಪ್ಪಿಸಲು ಒಳ್ಳೆಯ ಕ್ರಮ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಮೊನ್ನೆ ನಮ್ಮ ಮೀಟಿಂಗಿನಲ್ಲಿ ಒಬ್ಬ ನಿರ್ದೇಶಕರು, “ಹೊಸದು ಬಂತಲ್ಲ, ಹಳೇ ಡಾಟ್ ಕಾಮ್‌ಗೆ ಇನ್ಯಾಕೆ ದುಡ್ಡು ಕಟ್ಟೋದು, ಬಿಟ್ಟುಬಿಡಿ” ಅಂದರು. ಎಲ್ಲರೂ ತಲೆಯಾಡಿಸಿದರು. ನಾನೂ.

ಹಳೆ ವಿಳಾಸ ಹನ್ನೆರಡು ವರ್ಷದ ಪಾಸ್‌ಬುಕ್ಕುಗಳ ಹಿಂದೆ ಅಚ್ಚಾಗಿದೆ. ಪ್ರತಿ ವರ್ಷದ ಕ್ಯಾಲೆಂಡರಿನಲ್ಲಿದೆ, ಗ್ರಾಹಕರ ಫೋನುಗಳಲ್ಲಿ ಉಳಿದಿದೆ. ಅದನ್ನು ಯಾರೋ ಹಿಡಿದು ನಮ್ಮದೇ ಲೋಗೊ ಹಾಕಿ ಲಾಗಿನ್ ಪುಟ ಇಟ್ಟರೆ?

ಸರ್ವರ್ ಸೋಮ | 25 ಸೆಪ್ಟೆಂಬರ್, ರಾತ್ರಿ 8:10

ಕೆಲವು ಬ್ರೌಸರುಗಳಲ್ಲಿ ಅವನ ಪುಟಕ್ಕೆ ಸುರಕ್ಷಿತ ಅನ್ನುವ ಬೀಗದ ಚಿಹ್ನೆಯೂ ಬರುತ್ತದೆ, ಅದನ್ನೂ ಹೇಳಿ ನಿಮ್ಮ ನಿರ್ದೇಶಕರಿಗೆ. ಅದಕ್ಕೆ ಬೇಕಾದ ಸಾಮಾನ್ಯ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಕೊಡುವವರು “ಈ ಹೆಸರು ಈಗ ಯಾರ ಹತೋಟಿಯಲ್ಲಿದೆ” ಅಂತ ಮಾತ್ರ ನೋಡುತ್ತಾರೆ. ಪುಕ್ಕಟೆಯಾಗಿ ನಿಮಿಷಗಳಲ್ಲಿ ಸಿಗುತ್ತದೆ. ಹಳೆಯ ಲಿಂಕುಗಳಿಂದ ಸರ್ಚ್‌ನಲ್ಲಿ ಹೆಸರಿಗೆ ಬಂದಿದ್ದ ಮರ್ಯಾದೆಯೂ ಅವನ ಪಾಲಿಗೇ. ಹಳೆ ಹೆಸರನ್ನು ಹೊಸದಕ್ಕೆ ತಿರುಗಿಸಿ ಇಟ್ಟು, ಆ ವಿಳಾಸಕ್ಕೆ ಬರುವ ಮೇಲ್‌ಗಳನ್ನೂ ಸ್ವೀಕರಿಸುತ್ತಲೇ ಇರಿ.

ಒಗ್ಗರಣೆ | 25 ಸೆಪ್ಟೆಂಬರ್, ರಾತ್ರಿ 8:26

ಎಷ್ಟು ವರ್ಷ? ಸತ್ತ ಎಮ್ಮೆಗೆ ಹುಲ್ಲು ಹಾಕಿದ ಹಾಗಾಯ್ತಲ್ಲ ಇದು.

ಪಾಸ್‌ಬುಕ್ | 25 ಸೆಪ್ಟೆಂಬರ್, ರಾತ್ರಿ 8:40

ವರ್ಷಕ್ಕೆ ಸಾವಿರ ಚಿಲ್ಲರೆ ಸಾರ್. ನಮ್ಮ ವಾರ್ಷಿಕ ಸಭೆಯ ಖಾರಾಬೂಂದಿಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಸರ್ವರ್ ಸೋಮ | 25 ಸೆಪ್ಟೆಂಬರ್, ರಾತ್ರಿ 9:02

ಒಗ್ಗರಣೆಯವರ ಪ್ರಶ್ನೆ ಕೆಟ್ಟದ್ದಲ್ಲ. ಎಷ್ಟು ವರ್ಷ ಅನ್ನುವುದಕ್ಕೆ ನನ್ನ ಹತ್ತಿರ ಅಂಕಿ ಇಲ್ಲ. ಬೇರೆ ಯಾರಾದರೂ ಆ ಹೆಸರನ್ನು ನಂಬಿಕೊಂಡು ಏನಾದರೂ ಮಾಡುತ್ತಿರುವಷ್ಟು ಕಾಲ, ಅಷ್ಟೇ ಹೇಳಬಲ್ಲೆ. ಅದು ನಿಮಗೆ ಗೊತ್ತಾಗುವುದೂ ಕಷ್ಟ. ಡಾಟ್ ಮೊಬಿ ಹೆಸರುಗಳ ರಿಜಿಸ್ಟ್ರಿಯವರೇ ತಮ್ಮ ಹಳೆ ಹೂ-ಈಸ್ ಸರ್ವರಿನ ಡೊಮೈನನ್ನು ಇನ್ನು ಬೇಡ ಅಂತ ಬಿಟ್ಟಿದ್ದರು. 2024ರಲ್ಲಿ ಭದ್ರತಾ ಸಂಶೋಧಕರು ಅದನ್ನು 20 ಡಾಲರಿಗೆ ಕೊಂಡು ನೋಡಿದರೆ ಜಗತ್ತಿನ ನಾನಾ ಕಡೆಯ ಸರ್ವರುಗಳು, ಸರ್ಕಾರಿ ಇಲಾಖೆಗಳವೂ ಸೇರಿ, ಇನ್ನೂ ಆ ಹಳೆ ವಿಳಾಸವನ್ನೇ ಕೇಳುತ್ತಿದ್ದವು. ವಿಳಾಸ ಬದಲಾಗಿದೆ ಅಂತ ಅವುಗಳಿಗೆ ಯಾರೂ ಹೇಳಿರಲಿಲ್ಲ.

ಗಿರಮಿಟ್ | 26 ಸೆಪ್ಟೆಂಬರ್, ಬೆಳಿಗ್ಗೆ 6:50

ಆಟೋ ರಿನ್ಯೂ ಹಾಕಿದ್ರ ಈ ತ್ರಾಸೇ ಇರಂಗಿಲ್ಲಲ್ರಿ?

ಲೆಕ್ಕಪತ್ರ | 26 ಸೆಪ್ಟೆಂಬರ್, ಬೆಳಿಗ್ಗೆ 8:15

ಅದನ್ನು ನಂಬಿಕೊಂಡೇ ನನ್ನ ಒಬ್ಬ ಕಕ್ಷಿದಾರರು ಕೆಟ್ಟರು. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತ ಆಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತಲ್ಲ, ಆಗ ಎಷ್ಟೋ ವಿದೇಶಿ ಸೇವೆಗಳಿಗೆ ನಮ್ಮ ಕಾರ್ಡುಗಳು ಸದ್ದಿಲ್ಲದೆ ನಿಂತುಹೋದವು. ಇವರ ಖಾತೆಯಲ್ಲಿ ಆಟೋ ರಿನ್ಯೂ ಹಸಿರಾಗಿಯೇ ಕಾಣುತ್ತಿತ್ತು, ಹಣ ಮಾತ್ರ ಹೋಗಲಿಲ್ಲ. ಎಚ್ಚರಿಕೆಯ ಮೇಲ್ ಬಂದಿತ್ತು. ಆದರೆ “ನಿಮ್ಮ ಡೊಮೈನ್ ಮುಗಿಯುತ್ತಿದೆ, ಕೂಡಲೇ ಹಣ ಕಳಿಸಿ” ಅನ್ನುವ ಸುಳ್ಳು ಬಿಲ್ಲುಗಳು ತಿಂಗಳಿಗೆ ನಾಲ್ಕು ಬರುತ್ತವೆ, ಇದೂ ಅದರಲ್ಲೊಂದು ಅಂತ ಅಳಿಸಿಬಿಟ್ಟರು.

ಹೆಸರನ್ನು ಆಮೇಲೆ ಒಬ್ಬ ವ್ಯಾಪಾರಿ ಹಿಡಿದ. ಕೋರ್ಟಿಗೆ ಹೋಗದೆ ದೂರು ಕೊಡುವ ವ್ಯವಸ್ಥೆ ಇದೆ, ಡಾಟ್ ಇನ್ ಆದರೆ ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿಯವರ ಐಎನ್‌ಡಿಆರ್‌ಪಿ, ಡಾಟ್ ಕಾಮ್ ಆದರೆ ಯುಡಿಆರ್‌ಪಿ. ಎರಡಕ್ಕೂ ಆ ಹೆಸರಿನ ಮೇಲೆ ನಿಮಗೆ ಟ್ರೇಡ್‌ಮಾರ್ಕಿನಂಥ ಹಕ್ಕು ಇದೆ, ಎದುರಿನವನು ದುರುದ್ದೇಶದಿಂದ ಹಿಡಿದಿದ್ದಾನೆ ಅಂತ ತೋರಿಸಬೇಕು. ಜಿನೀವಾದ ವೈಪೊದಲ್ಲಿ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಒಬ್ಬರೇ ತೀರ್ಪುಗಾರರ ಮುಂದೆ ಹೋಗಲು ಶುಲ್ಕವೇ 1,500 ಡಾಲರ್. ಇವರು ಹೊಸ ಹೆಸರು ತಗೊಂಡು ಬೋರ್ಡು ಬದಲಿಸಿದರು.

ಖರ್ಜೂರ | 28 ಸೆಪ್ಟೆಂಬರ್, ರಾತ್ರಿ 11:58

ನಾನು ಸಾಮಾನ್ಯವಾಗಿ ಇಲ್ಲಿ ಓದುವವ ಮಾತ್ರ, ಬರೆಯುವುದಿಲ್ಲ. ಮಸ್ಕತ್‌ನಲ್ಲಿದ್ದೇನೆ. ಸಾಗರದ ಕಡೆಯವರು, ಮೊದಲು ಶಿವಮೊಗ್ಗದಲ್ಲಿ ಡಿಸೈನ್ ಸ್ಟುಡಿಯೊ ಇಟ್ಟಿದ್ದವರು ನಮ್ಮ ಕನ್ನಡ ಬಳಗದಲ್ಲಿ ಒಬ್ಬರಿದ್ದಾರೆ. ಅವರೇ ಹೌದೋ ಗೊತ್ತಿಲ್ಲ. ಕೊನೇಬೆಂಚು, ನಿಮಗೆ ಖಾಸಗಿಯಾಗಿ ಬರೆದಿದ್ದೇನೆ, ನೋಡಿ.

ನೀರ್ದೋಸೆ | 29 ಸೆಪ್ಟೆಂಬರ್, ಬೆಳಿಗ್ಗೆ 7:05

ಎಂತ ಆಯ್ತು ಮಾರಾಯ್ರೆ? ಕಾಯ್ತಾ ಇದ್ದೇವೆ.

ಕೊನೇಬೆಂಚು | 6 ಅಕ್ಟೋಬರ್, ರಾತ್ರಿ 9:15

ತಡವಾಯಿತು, ಕ್ಷಮಿಸಿ. ಅವನೇ! ಫೋನಿನಲ್ಲಿ ಮಾತಾಡಿದಾಗ ಮೊದಲು ಹೆದರಿದ, ಬಯ್ಯಲಿಕ್ಕೆ ಮಾಡಿದ್ದಾರೆ ಅಂತ. ಆಮೇಲೆ ಅರ್ಧ ಗಂಟೆ ಬರೀ ಶಾಲೆಯ ಕಥೆ.

ಅವನಿಗೆ ಖಾತೆಯ ಪಾಸ್‌ವರ್ಡ್ ನೆನಪಿರಲಿಲ್ಲ, ಮೇಲ್ ಅಂತೂ ಸತ್ತಿತ್ತು. ಪಾಸ್‌ಪೋರ್ಟ್ ಪ್ರತಿ, 2015ರ ಬಿಲ್ಲು (ನಮ್ಮ ಖಜಾಂಚಿ ಜೋಪಾನ ಮಾಡಿದ್ದರು, ಆ ಪುಣ್ಯಾತ್ಮರ ಮೇಲಿನ ಸಿಟ್ಟೆಲ್ಲ ಇಳಿಯಿತು), ಸಂಘದ ಪತ್ರ ಎಲ್ಲ ಕೊಟ್ಟು ರಿಜಿಸ್ಟ್ರಾರ್ ಜೊತೆ ಐದು ದಿನ ಜಗ್ಗಾಡಿದ. ಕೊನೆಗೆ ಖಾತೆ ತೆರೆಯಿತು. ದಂಡ, ನವೀಕರಣ, ತೆರಿಗೆ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು. ಅವನೇ ಕಟ್ಟಿದ, ನಾವು ಎಷ್ಟು ಹೇಳಿದರೂ ವಾಪಸ್ ತಗೊಳ್ಳಲಿಲ್ಲ. ನಿನ್ನೆಯಿಂದ ಹೆಸರು ಮತ್ತೆ ಜೀವಂತ. ಸಂಘದ ಖಾತೆಗೆ ವರ್ಗಾಯಿಸುವ ಕೆಲಸ ನಡೆದಿದೆ. ಖಾತೆಗೆ ಬೇರೆ ಕಡೆಯ ಮೇಲ್ ಕೊಟ್ಟಿದ್ದೇವೆ, ಮೂವರು ಪದಾಧಿಕಾರಿಗಳಿಗೆ ಗೊತ್ತಿರುವ ಹಾಗೆ. ಸ್ಟುಡಿಯೊ ಹೆಸರನ್ನೂ ಅವನೇ ಮತ್ತೆ ಕೊಂಡ.

ಸೈಟಿನ ಒಳಗಿನದ್ದು ಮಾತ್ರ ಹೋಯಿತು. ಹೋಸ್ಟಿಂಗ್ (ಸೈಟಿನ ಕಡತಗಳನ್ನು ಇಡುವ ಜಾಗ) ಬೇರೆ ಕಡೆ ಇತ್ತಂತೆ, ಅದಕ್ಕೂ ದುಡ್ಡು ಕಟ್ಟದ್ದರಿಂದ ಅಲ್ಲಿಯವರು ಎಲ್ಲ ಅಳಿಸಿಬಿಟ್ಟಿದ್ದಾರೆ. ಹಳೆ ವೆಬ್ ಪುಟಗಳ ಪ್ರತಿ ಕೂಡಿಡುವ ವೇಬ್ಯಾಕ್ ಮಷೀನಿನಲ್ಲಿ ಹುಡುಕಿದಾಗ ನಲವತ್ತು ಪುಟ ಸಿಕ್ಕಿತು. ಮೊದಲ ಬ್ಯಾಚಿನವರ ನೆನಪುಗಳು, ಮೇಷ್ಟ್ರುಗಳ ಪಟ್ಟಿ ಸಿಕ್ಕಿವೆ. ಫೋಟೊಗಳು ಮುಕ್ಕಾಲು ಪಾಲು ಇಲ್ಲ.

ಸರ್ವರ್ ಸೋಮ | 6 ಅಕ್ಟೋಬರ್, ರಾತ್ರಿ 9:38

ಇಷ್ಟು ಸಿಕ್ಕಿದ್ದೇ ಹೆಚ್ಚು. ವರ್ಗಾವಣೆ ಮುಗಿದ ಮೇಲೆ ಹೆಸರನ್ನು ಬೇರೆ ಕಡೆ ಸಾಗಿಸದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಹಾಕುವುದು ಮರೆಯಬೇಡಿ. ಎರಡು ಹಂತದ ಲಾಗಿನ್ ಕೂಡ.

ಒಗ್ಗರಣೆ | 6 ಅಕ್ಟೋಬರ್, ರಾತ್ರಿ 9:50

ಫೇಸ್‌ಬುಕ್ ಪೇಜ್ ಸಾಕು ಅಂತ ನಾನಂತೂ ಈಗಲೂ ಹೇಳುತ್ತೇನೆ. ಆದರೆ ಒಳ್ಳೆಯದಾಯಿತು ಬಿಡಿ. ಗೇಟಿನ ಕಲ್ಲಿಗೆ ಈಗ ಮರ್ಯಾದೆ ಬಂತು.

ಕೊನೇಬೆಂಚು | 6 ಅಕ್ಟೋಬರ್, ರಾತ್ರಿ 10:04

ಅದನ್ನು ಹೇಳುವುದೇ ಬೇಡ ಅಂದುಕೊಂಡಿದ್ದೆ. ಇವತ್ತು ಖುಷಿಯಲ್ಲಿ ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ದಸರಾ ರಜೆ ಮುಗಿಯೋದ್ರೊಳಗೆ ಆಗಿಬಿಡಲಿ ಅಂತ ಮೊನ್ನೆ ಕಲ್ಲುಕುಟಿಗನನ್ನ ಕರೆಸಿ ಆ ಸಾಲು ಕೆತ್ತಿ ತೆಗೆಸಿಬಿಟ್ಟೆ ಕಣಪ್ಪಾ” ಅಂದರು.